ಕಾಲು ಇದ್ದಷ್ಟು

ಪುಣೆಯಿಂದ ಟೆಂಪೋದಾಗ ಬಂತು ಗಾಡಿ.
ಗಾಡಿ ಅಂದ್ರ ಗಾಡಿ ಅಲ್ಲ,
ಕೊಳವಿಯ ಹಂದರ ಒಂದು, ಫೈಬರಿನ ಚಿಪ್ಪು ಒಂದು,
ನಟ್ಟು ಬೋಲ್ಟಿನ ಹನ್ನೊಂದು ಪೊಟ್ಟಣ,
ಎಂಜಿನ್ನು ಯಾವುದೋ ಸತ್ತ ಮಾರುತೀದು.
ಮೈಂದರ್ಗಿ ರಸ್ತೆಯ ನನ್ನ ಪತ್ರಾ ಶೆಡ್ಡಿನಾಗ
ಜೋಡಿಸಲಿಕ್ಕೆ ಮೂರು ತಿಂಗಳು ಹಿಡೀತು.
ಜೋಡಿಸಿದ ಮ್ಯಾಲ ಗೊತ್ತಾತು,
ಇದರ ನಕ್ಷೆ ಬರೆದವ ಐದೂವರಿ ಅಡಿ ಮನಶಾ.

ಜಗದೇವಿ ಕೊನಾಪುರೆ ಆರಡಿ ಎರಡಿಂಚು.
ಅಕ್ಕಲಕೋಟ ಡಿಪೋದ ಕಂಡಕ್ಟರು,
ಇಪ್ಪತ್ತೊಂದು ವರ್ಷ
ದುಧನಿ ಬಸ್ಸಿನ ತಗಡಿನ ಕೆಳಗ
ಕುತ್ತಿಗಿ ಓರೆ ಮಾಡಿ ಟಿಕೇಟು ಹರದಾಕಿ.
ಈಗ ಬಯಲಾಗ ನಿಂತ್ರೂ
ತಲಿ ತುಸು ಎಡಕ್ಕ ವಾಲಿರತೈತಿ.

ಒಂದು ಕಾಲು ಒಳಗ ಇಟ್ಳು. ಆತು.
ಎರಡನೇದು ಇಡಬೇಕಂದ್ರ
ಮೊದಲನೇದು ಹೊರಗ ಬರಬೇಕು.
ಹೆಂಗೋ ಇಳದ್ಳು. ಸ್ಟೇರಿಂಗಿನ ಎರಡೂ ಕಡೆ ಮೊಣಕಾಲು
ಕತ್ತಿ ಕಿವಿ ಹಂಗ ಸೆಟೆದು ನಿಂತ್ವು.
ಮುಂದಿನ ಗಾಜಿನ ಚೌಕಟ್ಟು ಬರೋಬರಿ ಕಣ್ಣಿಗಡ್ಡ,
ಬಗ್ಗಿದ್ರ ರಸ್ತೆ, ನೆಟ್ಟಗ ಕುಂತ್ರ ಆಕಾಶ.
ಬ್ರೇಕು ತುಳಿ ಅಕ್ಕಾ, ಅಂದೆ.
ತುಳದ್ಳು. ಬ್ರೇಕು, ಆಕ್ಸಿಲರೇಟರು ಎರಡೂ ಕೆಳಗಿಳದ್ವು
ಹನ್ನೊಂದು ನಂಬರಿನ ಒಂದೇ ಚಪ್ಪಲಿಗೆ.

ನಾ ನಕ್ಕೆ. ಅಕೀ ನಗಲಿಲ್ಲ.
“ರೊಕ್ಕ ಕೊಟ್ಟೂ ಬಗ್ಗಬೇಕೇನೋ ಲಾಲಸಾ?”

ಹಾಸಿಗಿ ಇದ್ದಷ್ಟು ಕಾಲು ಚಾಚು,
ನಮ್ಮವ್ವ ದಿನಾ ಹೇಳಾಕಿ.
ನಾಲ್ಕಡಿ ಹನ್ನೊಂದಿಂಚಿನ ಮಗನಿಗೆ
ಆ ಮಾತಿನಿಂದ ಎಂದೂ ತ್ರಾಸ ಆಗಿದ್ದಿಲ್ಲ.
ಆ ರಾತ್ರಿ ಮೊದಲ ಸಲ ಅದನ್ನ
ತಿರಗಾಮುರಗಾ ಇಟ್ಟು ನೋಡಿದೆ.

ಮರುದಿನ ದರ್ಜಿ ಹಂಗ ಟೇಪು ಹಿಡದೆ.
ಸೊಂಟದಿಂದ ಮೊಣಕಾಲು, ಅಲ್ಲಿಂದ ಹಿಮ್ಮಡ,
ಕುಂತಾಗ ಕಣ್ಣಿನ ಎತ್ತರ,
ಗ್ವಾಡಿ ಮ್ಯಾಲ ಸೀಮೆಸುಣ್ಣದಾಗ ಬರಕೊಂಡೆ.
“ಕ್ಲಚ್ಚು ಬಿಟ್ಟ ಮ್ಯಾಲ
ಎಡಗಾಲು ಎಲ್ಲಿ ಇಡ್ಲಿ?” ಅಂದ್ಳು.
ಮೂವತ್ತು ವರ್ಷ ಗಾಡಿ ಬಿಚ್ಚೀನಿ,
ಕೆಲಸಿಲ್ಲದ ಕಾಲಿನ ಚಿಂತಿ
ಯಾರೂ ನನ್ನ ಕೇಳಿದ್ದಿಲ್ಲ.

ಅಡ್ಡ ಕೊಳವಿ ಕೊಯ್ಯೂವಂಗಿಲ್ಲ, ಅದು ಬೆನ್ನೆಲವು.
ಅದಕ್ಕ ನೆಲಾ ಕೊಯ್ದೆ. ಕಿಡಿ ಹಾರಿ ಲುಂಗಿ ಸುಟ್ಟಿತು.
ಮೂರಿಂಚು ಕೆಳಗ ಹೊಸಾ ತಗಡು ಬೆಸದೆ,
ಪೆಡಲು ನಾಲ್ಕಿಂಚು ಮುಂದಕ್ಕ ದೂಡಿ
ನಡುವ ಮೂರು ಬೊಟ್ಟು ಜಾಗ ಬಿಟ್ಟೆ.
ಕ್ಲಚ್ಚಿನ ಎಡಕ್ಕ, ಸುಮ್ನ ಇರೋ ಕಾಲಿಗೆ
ಒಂದು ಕಬ್ಬಿಣದ ಮಣಿ.
ಸೀಟು ಕಿತ್ತೊಗೆದು
ಸೋಲಾಪುರ ಚಾದರ ಎಂಟು ಮಡಿಕಿ ಹಾಸಿದೆ.
ಒಂದು ಮಡಿಕಿ ತಗಿ ಅಂದ್ಳು,
ಹಾಕು ಅಂದ್ಳು, ಅರ್ಧ ತಗಿ ಅಂದ್ಳು.
ಅರ್ಧ ಮಡಿಕಿ ಹೆಂಗ ತಗೀತಾರ!
ತಗದೆ.

ಸಂಜೀಕ ಅಕೀ ಇಲ್ಲದಾಗ ನಾ ಒಳಗ ಕುಂತೆ.
ನಾ ಕಟ್ಟಿದ ಗಾಡಿ,
ನನ್ನ ಹೆಬ್ಬೆರಳಿಗೂ ಕ್ಲಚ್ಚು ಸಿಗಲಿಲ್ಲ.
ಬಾವ್ಯಾಗಿನ ಕಪ್ಪಿ ಹಂಗ ತಲಿ ಎತ್ತಿದ್ರ
ಒಂದು ತುಂಡು ಬೇವಿನಗಿಡ ಕಂಡಿತು, ಅಷ್ಟ.
ಹಿಂಗಿರತೈತೇನು ಅಂದ್ಕೊಂಡೆ,
ಯಾರದೋ ಅಳತಿಯಾಗ ಕುಂಡ್ರೂದು.

ಆಯಿತವಾರ ಮುಂಜಾನೆ ಅಕೀ ಬಂದ್ಳು.
ಕುಂತು, ಕಾಲು ಚಾಚಿ,
ಎಷ್ಟೋ ಹೊತ್ತು ಏನೂ ಮಾಡಲಿಲ್ಲ.
ಆಮ್ಯಾಲ ಚಾವಿ ತಿರುವಿ ಗೇರ್ ಹಾಕಿದ್ಳು,
ಮತ್ತೂ ಹಂಗೇ ಕುಂತ್ಳು.
ಎಂಜಿನ್ನು ಗುರುಗುಡತೈತಿ, ರಸ್ತೆ ಖಾಲಿ.
ಏನಕ್ಕಾ, ಅಂದೆ.
“ಗಂಟಿ,” ಅಂದ್ಳು, ನಾಚಿ.

ಹತ್ತೊಂಬತ್ತರ ಪಾನಾ ತಗೊಂಡು
ಚಾಸಿಗೆ ಎರಡು ಸಲ ಬಡದೆ.

ಹೋತು.
ನಾಕಾದ ಹಂಪಿನ ಮ್ಯಾಲ
ನಾ ಇಳಿಸಿದ ಮೂರಿಂಚು
ಕರ್ರಂತ ಕೆರೀತು, ನನ್ನ ಹಲ್ಲು ಜುಮ್ಮಂದ್ವು.
ಅದರ ವಿಚಾರ ಸೋಮವಾರ ಮಾಡಿದ್ರಾತು.
ಮ್ಯಾಲ ತಗಡಿಲ್ಲ, ಏನೂ ಇಲ್ಲ,
ಆದ್ರೂ ದೂರ ಹೋಗೂತನಕ ಅಕೀ ತಲಿ
ತುಸು ಎಡಕ್ಕ.