ಷರಾ

ತೂಕ ನೋಡೂ ದಿನ ಅಕ್ಕಲಕೋಟಿಯಿಂದ
ಆರೋಗ್ಯದ ಜೀಪು ಬಂತು.
ಬೇವಿನ ಗಿಡದ ಬುಡಕ್ಕ ಕಾಟಾ ಇಟ್ಟರು,
ನೆಲ ಸಮ ಇಲ್ಲಂತ ಕೆಳಗೊಂದು ಒಡಕು ಪಾಟಿ.

ಐದನೇತ್ತೆಯ ಸೈಪನ್ ಚಪ್ಪಲಿ ಬಿಟ್ಟ,
ಕಿಸೆದಾಗಿನ ಗೋಲಿ ತೆಗೆದು ನನ್ನ ಕೈಯಾಗಿಟ್ಟ,
ಕೊರಳಿನ ತಾಯಿತ ಮುಟ್ಟಿಕೊಂಡು
ಇದನ್ನೂ ಬಿಚ್ಚಲೇನ್ರಿ ಸರ್, ಅಂದ.
ಹತ್ತಿದ.
ನರ್ಸಬಾಯಿ ಮರಾಠಿಯೊಳಗ ಕೂಗಿದಳು: ಬಾವನ್ನ!
ಐವತ್ತೆರಡು, ಅಂತ ಯಾರೋ ಕನ್ನಡ ಮಾಡಿದರು.
ಪಾಳಿಗೆ ಪಾಳಿನೇ ನಕ್ಕಿತು.
ಒಬ್ಬ ಹುಡುಗನ್ನ
ಎರಡು ಸಲ ತೂಗಿದಂಗಾತು.

ರಜಿಸ್ಟರಿನಾಗ ಎತ್ತರ, ತೂಕ, ಕಡೀಕ ಷರಾ.
ಹ್ವಾದ ವರ್ಷ ನಾನ ಬರದಿದ್ದೆ:
ತೂಕ ಹೆಚ್ಚು, ವ್ಯಾಯಾಮ ಬೇಕು.
ಬರದು, ಪೆನ್ನಿಗೆ ಟೊಪ್ಪಿಗಿ ಹಾಕಿ,
ಡ್ರಿಲ್ಲಿನ ತಾಸಿನಾಗ
ಅವನ್ನ ನೆರಳಿಗೆ ಕೂಡಿಸಿದ್ದೆ,
ಉಳಿದವರ ಚಪ್ಪಲಿ ಕಾಯಾಕ.

ಅವರಪ್ಪ ಲಾಡ್ಲೆಸಾಬನದು
ಬಸ್‌ಸ್ಟ್ಯಾಂಡಿನಾಗ ವಡಾಪಾವಿನ ಗಾಡಿ.
ಮನಿಗೆ ಹೋಗಿ ಹೇಳಿದೆ, ತಾಯಿ ಕೇಳಿಸಿಕೊಂಡಳು:
ಉಳಿದದ್ದು ಚೆಲ್ಲಿದರ ಎಣ್ಣಿ ರೊಕ್ಕ ಯಾರು ಕೊಡತಾರ್ರಿ?
ರಾತ್ರಿ ಹತ್ತಕ್ಕ ತಣ್ಣನ ವಡಾ ನಾಕು, ಅಷ್ಟ.
ಅನಕೋತ ನನ್ನ ಮುಂದೂ ಎರಡು ಇಟ್ಟಳು.
ಸಕ್ಕರಿ ಬ್ಯಾನಿಯವ ನಾನು.
ತಿಂದೆ.

ಈ ವರ್ಷ ಷರಾದ ಮನಿ ಖಾಲಿ ಬಿಟ್ಟೆ.
ಮರುದಿನ ಚಪ್ಪಲಿ ತಮ್ಮಷ್ಟಕ್ಕ ತಾವ ಬಿದ್ದಿದ್ದವು.
ಬೋರಿನಿಂದ ಅಡಿಗಿ ಕೋಲಿ, ಅಲ್ಲಿಂದ ಧ್ವಜದ ಕಟ್ಟಿ,
ಕಂಪೌಂಡಿನ ಗುಂಟ ತಿರುಗಿ ಬೇವಿನ ಗಿಡ.
ಓಡು ಅನಲಿಲ್ಲ.
ಮಾತಾಡಕೋತ ಹೋಗೋ, ಅಂದೆ,
ಮಾತು ಎಲ್ಲಿ ಹರೀತದೋ ಅಲ್ಲಿ ನಿಲ್ಲು.

ಮೊದಲ ದಿನ
ಸರ್, ಅಂದ,
ಬೋರಿನ ಹತ್ತಿರನ ನಿಂತ.
ಒಂದು ಶಬ್ದದ ಓಟ.

ಮುಂದ ಹದಿನೇಳರ ಮಗ್ಗಿ:
ಹದಿನೇಳೈದಲೆ ಎಂಬತ್ತೈದಕ್ಕ
ಎರಡೂ ಕೈ ಮೊಣಕಾಲಿನ ಮ್ಯಾಲ.
ದೀಪಾವಳಿ ಸೂಟಿ ಮುಗಿಸಿ ಬಂದವ
ಮಗ್ಗಿ ಬಿಟ್ಟು ಕತಿ ಹಿಡದ:
ಗಾಡಿ ಗಾಲಿ ಪಂಕ್ಚರ್ ಆದದ್ದು,
ಪಕ್ಕದ ಮನಿ ಆಡು ಉರ್ದು ಪುಸ್ತಕ ತಿಂದದ್ದು,
ಈರಣ್ಣ ಯಾರ ರಬ್ಬರ್ ಕದ್ದನಂತ.
ಧ್ವಜದ ಕಟ್ಟಿ ತನಕಾ ಕನ್ನಡ.
ಅದು ದಾಟಿದರ ಅವ್ವನ ಮಾತು ಬರೂದು,
ಜರಾ ಠೈರೋ ಸರ್, ಅಂತ.
ಯಾವ ಭಾಷೆಯೊಳಗ ತೇಕತಾನ ಅನ್ನೂದರ ಮ್ಯಾಲ
ದಮ್ಮು ಎಷ್ಟು ಉಳಿದದಂತ ನನಗ ತಿಳೀತಿತ್ತು.

ಕತಿ ಅರ್ಧಕ್ಕ ನಿಲ್ಲಿಸೂ ಹುನ್ನಾರ ಯಾರು ಕಲಿಸಿದರೋ!
ಮುಂದಿಂದು ಮುಂದಿನ ಸುತ್ತಿಗೆ, ಅಂತಿದ್ದ.
ನಕ್ಕ ಪಾಳಿ
ಆಡಿನ ಗತಿ ಏನಾತಂತ
ಅವನ ಹಿಂದ ಧೂಳು ಎಬ್ಬಿಸಕೋತ ಓಡೂದು.

ಫೆಬ್ರುವರಿಯಾಗ ಮತ್ತ ಜೀಪು, ಅದ ಕಾಟಾ, ಅದ ಪಾಟಿ.
ಐವತ್ತೆರಡೂವರಿ.
ಎರಡು ಬೊಟ್ಟು ಉದ್ದ ಆಗ್ಯಾನ,
ಅದನ್ನ ಯಾರೂ ಕೂಗಲಿಲ್ಲ.
ಕಾಯ್ ಮಾಸ್ತರ್? ಅಂತ ನರ್ಸಬಾಯಿ ನನ್ನ ಮಾರಿ ನೋಡಿದಳು.
ನಾ ಬರದೆ:
ಮೂರು ಸುತ್ತು, ಕತಿ ಹರಿಯೂದಿಲ್ಲ.
ಇಂಥಾ ಷರಾ ನಡಿಯೂದಿಲ್ಲ ಅಂದಳು.
ಇರಲಿ, ಅಂದೆ.

ಸಂಜಿಮುಂದ ಸಾಲಿ ಖಾಲಿ.
ಪ್ಯಾಂಟಿನ ಕಾಲು ಮಡಚಿ ನಾನೂ ಅವನ ಜೋಡಿ ಹೊಂಟೆ.
ಅವ ಮಾತಾಡಕೋತನ ಇದ್ದ, ಒಮ್ಮೆಲೆ ತಿರುಗಿ ನೋಡಿದ:
ಸರ್, ನೀವ್ಯಾಕ ಸುಮ್ಮಾದ್ರಿ?
ಸೈಪನ್, ಅಂದೆ,
ಬೋರಿನ ಪೈಪು ಹಿಡಕೊಂಡು ನಿಂತೆ.

ಅವ ಓಡಿ ಮುಗಿಸಿ ಬರಬಹುದಿತ್ತು.
ತಿರುಗಿ ಬಂದ,
ಮೀನಖಂಡ ತುರಿಸಿಕೊಂಡ,
ನನ್ನ ಹೆಜ್ಜಿಗೆ ಹೆಜ್ಜಿ ಸಣ್ಣದು ಮಾಡಿ
ಆಡು ಆಮ್ಯಾಲ ಏನು ತಿಂತು
ಅನ್ನೂದನ್ನ ಮೊದಲಿಂದ ಹೇಳಾಕತ್ತಿದ.