ಹತ್ತನೇ ಕ್ಲಿಪ್ಪು

ಮಂಡಿ ಮೊಹಲ್ಲಾ, ಹನ್ನೊಂದೂವರೆ.
ಎಪ್ಪತ್ತೆರಡರ ಫಿಯಟ್ಟನ್ನು ಬಿಸಿಲಿಗೆ ತಳ್ಳಿದ್ದೇವೆ
ವಿನೈಲು ಹದಕ್ಕೆ ಬರಲೆಂದು.
ಅಂಟು ಕುಡಿದು ಕೂತಿದೆ ಟಾಪು,
ಗುಳ್ಳೆಯಿಲ್ಲ, ನಿರಿಗೆಯಿಲ್ಲ.
ಇನ್ನು ಅಂಚಿಗೆ ಬೀಡಿಂಗು.

ಹಳೆಯ ತೂತೆಲ್ಲ ಹೊಸ ಚರ್ಮದ ಕೆಳಗೆ.
ಇನಾಯತ್ ಮಾಮು ಕಣ್ಣು ಮುಚ್ಚಿ
ಹೆಬ್ಬೆರಳು ಆಡಿಸುತ್ತಾನೆ,
ಒಂದು ರವೆಯಷ್ಟು ತಗ್ಗಿದಲ್ಲಿ
ಸೀಮೆಸುಣ್ಣದ ಚುಕ್ಕೆ.
ಹತ್ತು ಚುಕ್ಕೆ.
ಕ್ಲಿಪ್ಪು ಒಂಬತ್ತೇ.

ದಬ್ಬಳ ಇಳಿಯುವಾಗ
ಅಂಬುಜಾಕ್ಷಿ ಟೀಚರು ಮುಖ ತಿರುಗಿಸಿದರು,
ಕಿವಿ ಚುಚ್ಚುವ ದಿನ
ಮಗುವಿನ ತಾಯಿ ತಿರುಗಿಸುವ ಹಾಗೆ.

ಪಟ್ಟಿಯ ಆಚೆ ತುದಿ ನನ್ನ ಕೈಲಿ.
"ಎಳೀಬೇಡ. ಬಿಡಲೂಬೇಡ.
ಸುಮ್ನೆ ಇರು ಅದರ ಜೊತೆ."
ಬಟ್ಟೆ ಸುತ್ತಿದ ಸುತ್ತಿಗೆ.
ಟಕ್. ಟಕ್.
ಒಂಬತ್ತು ಸಲ ಹೀಗೆ ಬಾಯಿ ಕಚ್ಚಿದ ಸದ್ದು.

ಮಾಮು ಸುತ್ತಮುತ್ತ ನೋಡಿದ.
ಊಟದ ಡಬ್ಬಿಯ ಮುಚ್ಚಳ ಎತ್ತಿ
ಕತ್ತರಿ ಹಾಕಿಯೇಬಿಟ್ಟ.
ಬಗ್ಗಿಸಿ, ಉಜ್ಜಿ, ಕೂರಿಸಿದ.
ಹತ್ತನೆಯದು ಸದ್ದು ಮಾಡಲಿಲ್ಲ;
ಹಿಡಿಯಿತು.

ಟೀಚರು ಅಂಚಿನುದ್ದಕ್ಕೂ ಬೆರಳೆಳೆದು
ಎಲ್ಲೂ ನಿಲ್ಲದೆ
ಕೊನೆ ಮುಟ್ಟಿ, ಕೀಲಿ ಕೇಳಿದರು.

ಮರುದಿನ ಮಾಮುವಿನ ಡಬ್ಬಿಗೆ
ಮಿಕ್ಕ ತುಂಡಿನ ಕರಿ ಟಾಪು,
ಸುತ್ತ ರಬ್ಬರ್ ಬ್ಯಾಂಡಿನ ಬೀಡಿಂಗು.
"ಏನ್ ನೋಡ್ತೀಯ?
ಗಾಡಿ ತಗಿ, ಊಟ ಮಾಡೋಣ."