ಮೂರನೇ ಕಾಲಂ

ಹನ್ನೊಂದು ವರ್ಷ ಗೋಕುಲ ರೋಡಿನ ಬಸ್‌ಸ್ಟ್ಯಾಂಡಿನ್ಯಾಗ
ರಾತ್ರಿ ಪಾಳಿ, ಮೈಕಿನ ಮುಂದ ನಾನು.
ಇಳಕಲ್ಲ, ಕುಷ್ಟಗಿ, ಸಿಂಧನೂರ…
ನಿದ್ದಿಗಣ್ಣಿನ ಮಂದೀನ್ನೆಲ್ಲಾ ಅವರವರ ಊರಿಗೆ ಕಳಿಸಿ
ನಾ ಮಾತ್ರ ಅಲ್ಲೇ ಕುಂತಿದ್ದೆ.

ಈಗ ಹಗಲ ಪಾಳಿ ಬಂದೈತಿ.
ಮೈಗೆ ಯಾರೂ ಆರ್ಡರ್ ತೋರಿಸಿಲ್ಲ.
ಎರಡು ಹತ್ತಕ್ಕ ಕಣ್ಣು ತಾನೇ ತೆರೀತೈತಿ,
ತುಟಿ ಅಲುಗತಾವ,
ಮಗ್ಗಲಾಗ ಮನಿಯವರು ಗೊಣಗತಾರ:
"ಪ್ಲಾಟ್‌ಫಾರ್ಮ್ ನಂಬರ್ ಹೇಳಲಿಲ್ಲ ನೀ."

ಗುಳಿಗಿ ಕೊಡ್ರಿ ಅಂದ್ರ ಹೊಂಬಳ ಡಾಕ್ಟರು
ಗೆರಿ ಹೊಡೆದ ಹಾಳಿ ಕೊಟ್ಟರು.
ಮಲಗಿದ್ದು ಎಷ್ಟಕ್ಕ, ಎದ್ದದ್ದು ಎಷ್ಟಕ್ಕ,
ಮೂರನೇದು: ನಿದ್ದಿ ಹತ್ತಿದ ವೇಳೆ.

ಮೊದಲನೇ ವಾರ ಎಷ್ಟು ಕರಾರುವಾಕ್ ಬರದೆ!
ಒಂದು ನಲವತ್ತೇಳು. ಮೂರು ಐದು.
ಎರಡೂವರಿ, ಆಮ್ಯಾಲ ಮತ್ತ ನಾಲ್ಕಕ್ಕ.
ಡಿಪೋದ ಲಾಗ್‌ಶೀಟ್ ಸುದ್ದಾ ಇಷ್ಟು ಚೊಕ್ಕ ಇರಂಗಿಲ್ಲ.
"ಗಡಿಯಾರ ಎಲ್ಲೈತವ್ವ?" ಅಂದರು.
ತಲಿದಿಂಬಿನ ಬಾಜೂಕ.

ಗಡಿಯಾರ ಅಡಿಗಿಮನಿಗೆ ಹೋತು.
ಮೊಬೈಲು ಜೋಳದ ಡಬ್ಬಿಯಾಗ.
ಐದೂಮುಕ್ಕಾಲಕ್ಕ ಕಾಳಿನ ಬುಡಕ ಬಡಕೋತೈತಿ,
ಎದ್ದು, ಮೊಣಕೈತನ ಕೈ ಹಾಕಿ ತಗೀಬೇಕು,
ಆಮ್ಯಾಲ ಮತ್ತ ಮಲಗೋ ಮಾತು ಎಲ್ಲಿಂದು?
ಐತವಾರಾನೂ ಹಂಗ. ಹಬ್ಬಾನೂ ಹಂಗ.

ಚಾ ಬಿಡೋದ ಕಷ್ಟ ಆತು.
ನಾಲ್ಕರ ಮ್ಯಾಲ ಬ್ಯಾಡ ಅಂದಿದ್ದರು.
ಐದಕ್ಕ ಕ್ಯಾಂಟೀನಿನ ಗುರುಶಾಂತ
ಕೇಳದೇನ ಕಪ್ಪು ತಂದು ಇಡತಿದ್ದ.
ಹನ್ನೊಂದು ವರ್ಷದ ಪ್ರೀತಿ ಅದು, ಹೊಗಿ ಆಡತಿತ್ತು.
ಒಂದಿನ ಕುಡದೆ. ಹಾಳಿ ಮ್ಯಾಲ ಸುಳ್ಳು ಬರದೆ.
ನಿದ್ದಿಗೆ ಗೊತ್ತಾತು.

ಊಟ ಆದ ಮ್ಯಾಲ ಈಗ ಇಬ್ಬರೂ ಹೊಂಡತೀವಿ,
ಉಣಕಲ್ ಕೆರಿ ತನಕ ಅಲ್ಲ, ಓಣಿಯ ಹುಣಸಿಗಿಡದ ತನಕ.
ಅವರು ಸಾಲ, ಗ್ಯಾಸು, ಮಗಳ ಫೀ ಅಂತ ತಗದರ
ನಾ ಅಂತೀನಿ: ಅವನ್ನ ಮುಂಜಾನಿ ಗಾಡಿಗೆ ಹತ್ತಸ್ರಿ.

ಜಗ್ಗಿದರ ಬರೂದಲ್ಲ ಅದು, ನನಗರ ಗೊತ್ತಿರಬೇಕಿತ್ತು.
ಎಷ್ಟು ಮಂದಿ ಕಿಟಕಿ ಬಡದು ಕೇಳ್ಯಾರ, "ಯಾವಾಗ್ರಿ ಬಾಯಾರ?"
"ಬರತೈತಿ, ಕುಂದರ್ರಿ" ಅಂದೀನಿ, ಗೊತ್ತಿಲ್ಲದೇನ.
ಈಗ ಹತ್ತೂವರಿಗೆ, ದೀಪ ಆರಿಸಿ,
ನನಗೂ ನಾ ಅಷ್ಟ ಹೇಳತೀನಿ.

ನಿನ್ನೆ ಹಾಳಿ ಮ್ಯಾಲ ಡಾಕ್ಟರು ಬೆರಳಿಟ್ಟರು:
"ಮೂರನೇ ಕಾಲಂ ಖಾಲಿ ಬಿಟ್ಟೀರಲ್ಲ, ಆರು ದಿನ?"
ಗೊತ್ತಾಗಲಿಲ್ಲರಿ ಅಂದೆ, ತಪ್ಪು ಮಾಡಿದಂಗ.
ಅವರು ಪೆನ್ನಿಗೆ ಟೊಪ್ಪಿಗಿ ಹಾಕಿದರು.

ಮನಿಯವರು ಹೇಳತಾರ, ಮೊನ್ನೆ ರಾತ್ರಿ
ಸಿಂಧನೂರ ಗಾಡಿ ಕರದೆನಂತ,
ಪ್ಲಾಟ್‌ಫಾರ್ಮ್ ನಂಬರ್ ಸಮೇತ.
ಕಣ್ಣು ತೆರೀಲಿಲ್ಲಂತ.